ಬೋರ್ಡೋದ ಕೆಂಪು ವೈನ್: ಆರಿಸುವುದು, ಇಡುವುದು, ತೆರೆಯುವುದು

ವೈನ್ ಹಳೆಯದಾದಷ್ಟೂ ರುಚಿ ಎಂಬ ಮಾತನ್ನು ಎಲ್ಲರೂ ಕೇಳಿರುತ್ತಾರೆ. ಬಹುಪಾಲು ವೈನ್‌ಗಳ ಮಟ್ಟಿಗೆ ಇದು ಸುಳ್ಳು. ಅಂಗಡಿಯಲ್ಲಿ ಸಿಗುವ ಹೆಚ್ಚಿನ ಬಾಟಲಿಗಳು ಒಂದೆರಡು ವರ್ಷದೊಳಗೆ ಕುಡಿಯಲೆಂದೇ ತಯಾರಾದವು. ಅವನ್ನು ಹತ್ತು ವರ್ಷ ಕಪಾಟಿನಲ್ಲಿಟ್ಟರೆ ಹಣ್ಣಿನ ರುಚಿ ಪೂರ್ತಿ ಹೋಗಿ ಬರೀ ಹುಳಿ ಉಳಿಯುತ್ತದೆ. ಕಾದವರಿಗೆ ಸಿಗುವುದು ಬೇಸರ ಅಷ್ಟೇ.

ಈ ಮಾತು ನಿಜವಾಗುವ ಕೆಲವು ಜಾಗಗಳಿವೆ. ಫ್ರಾನ್ಸಿನ ನೈರುತ್ಯ ಭಾಗದ ಮೆದೋಕ್ ಅವುಗಳಲ್ಲಿ ಒಂದು. ಬೋರ್ಡೋ ನಗರದಿಂದ ಉತ್ತರಕ್ಕೆ, ಜಿರೋಂದ್ ಅಳಿವೆಯ ಎಡದಂಡೆಯ ಉದ್ದಕ್ಕೂ ಚಾಚಿಕೊಂಡಿರುವ ಕಿರಿದಾದ ಪಟ್ಟಿ ಅದು. ಪೋಯಾಕ್, ಸೇಂಟ್ ಜೂಲಿಯೆನ್, ಸೇಂಟ್ ಎಸ್ತೆಫ್, ಮಾರ್ಗೋ ಎಂಬ ಹೆಸರಾಂತ ವೈನ್ ಊರುಗಳು ಇಲ್ಲೇ ಇವೆ. ಇಲ್ಲಿನ ಒಳ್ಳೆಯ ಕೆಂಪು ವೈನ್ ಹತ್ತು, ಇಪ್ಪತ್ತು, ಕೆಲವೊಮ್ಮೆ ಐವತ್ತು ವರ್ಷ ಬದುಕುತ್ತದೆ. ಬದುಕುವುದಷ್ಟೇ ಅಲ್ಲ, ಬದಲಾಗುತ್ತಾ ಹೋಗುತ್ತದೆ. ಆ ಬದಲಾವಣೆಯನ್ನು ಸವಿಯಲು ದೊಡ್ಡ ಹೆಸರಿನ ದುಬಾರಿ ಬಾಟಲಿ ಬೇಕಿಲ್ಲ. ಸರಿಯಾದ ವೈನ್, ತಂಪಾದ ಜಾಗ, ತಾಳ್ಮೆ ಇದ್ದರೆ ಸಾಕು. ಅದನ್ನು ಮಾಡುವುದು ಹೇಗೆ ಅನ್ನುವುದನ್ನು ಒಂದೊಂದಾಗಿ ನೋಡೋಣ.

ಮೊದಲ ಕೆಲಸ: ಕಾಯಲು ಯೋಗ್ಯವಾದ ವೈನ್ ಗುರುತಿಸುವುದು

ವೈನ್ ಬಹುಕಾಲ ಬಾಳಲು ಮೂರು ಸಂಗತಿ ಬೇಕು. ಒಗರು, ಹುಳಿ, ಮತ್ತು ಸಾಕಷ್ಟು ಹಣ್ಣಿನ ಸತ್ವ. ಮೂರರಲ್ಲಿ ಒಂದು ಕಡಿಮೆಯಾದರೂ ಕಾದು ಫಲವಿಲ್ಲ.

ಒಗರು ಕೊಡುವುದು ಟ್ಯಾನಿನ್. ನೇರಳೆ ಹಣ್ಣು ತಿಂದಾಗ ನಾಲಗೆ, ಒಸಡು ಒಣಗಿ ಹಿಡಿದಂತಾಗುತ್ತದಲ್ಲ, ಅದೇ ಅನುಭವ. ದ್ರಾಕ್ಷಿಯ ಸಿಪ್ಪೆ ಮತ್ತು ಬೀಜದಲ್ಲಿ ಟ್ಯಾನಿನ್ ಇರುತ್ತದೆ. ಓಕ್ ಮರದ ಪೀಪಾಯಿಯಿಂದಲೂ ಸ್ವಲ್ಪ ಬರುತ್ತದೆ. ಮೆದೋಕ್‌ನ ಮುಖ್ಯ ತಳಿಯಾದ ಕಬರ್ನೆ ಸೊವಿನ್ಯೋಂ ಹಣ್ಣು ಚಿಕ್ಕದು, ಸಿಪ್ಪೆ ದಪ್ಪ. ಹಾಗಾಗಿ ರಸಕ್ಕೆ ಹೋಲಿಸಿದರೆ ಸಿಪ್ಪೆಯ ಪಾಲು ಜಾಸ್ತಿ, ಒಗರೂ ಜಾಸ್ತಿ. ಈ ತಳಿ ತಡವಾಗಿ ಹಣ್ಣಾಗುತ್ತದೆ. ಮೆದೋಕ್‌ನ ನೆಲದಲ್ಲಿ ಹೇರಳವಾಗಿರುವ ನೊರಜುಕಲ್ಲು ಮಳೆನೀರನ್ನು ಬೇಗ ಬಸಿದುಬಿಡುತ್ತದೆ, ಹಗಲಿನ ಬಿಸಿಯನ್ನು ಹಿಡಿದಿಟ್ಟು ರಾತ್ರಿ ಬಿಡುತ್ತದೆ. ಅದರಿಂದಲೇ ಅಲ್ಲಿ ಕಬರ್ನೆ ಪೂರ್ತಿ ಹಣ್ಣಾಗಲು ಸಾಧ್ಯ. ಜತೆಗೆ ಮರ್ಲೋ ಎಂಬ ಇನ್ನೊಂದು ತಳಿ ಬೆರೆಸುತ್ತಾರೆ, ಅದು ಮೈ ತುಂಬಿಸುತ್ತದೆ, ಮೃದು ಮಾಡುತ್ತದೆ. ಕಬರ್ನೆ ಫ್ರಾಂ ಪರಿಮಳಕ್ಕೆ. ಪೆಟಿ ವೆರ್ಡೋ ಬಣ್ಣಕ್ಕೆ, ಬಲಕ್ಕೆ, ಅದೂ ತುಸು ಮಾತ್ರ.

ಅಳಿವೆಯ ಎದುರು ಬದಿಯಲ್ಲಿ, ದೋರ್ದೋನ್ ನದಿಯ ಹತ್ತಿರ, ಸೇಂಟ್ ಎಮಿಲಿಯೋನ್ ಮತ್ತು ಪೊಮೆರೋಲ್ ಇವೆ. ಅಲ್ಲಿ ಮರ್ಲೋದ್ದೇ ರಾಜ್ಯ. ಆ ವೈನ್‌ಗಳು ಸಾಮಾನ್ಯವಾಗಿ ಬೇಗ ಹದಕ್ಕೆ ಬರುತ್ತವೆ, ದುಂಡಗೆ, ಮೆತ್ತಗೆ ಇರುತ್ತವೆ. ಅಲ್ಲಿನ ಅತ್ಯುತ್ತಮ ವೈನ್‌ಗಳು ದಶಕಗಳ ಕಾಲ ಬಾಳುತ್ತವೆ, ಅದು ಬೇರೆ ಮಾತು. ಆದರೆ ವಯಸ್ಸು ವೈನನ್ನು ಹೇಗೆ ಬದಲಾಯಿಸುತ್ತದೆ ಎಂದು ಕಲಿಯಲು ನಾನು ಎಡದಂಡೆಯನ್ನೇ ಹೇಳುತ್ತೇನೆ. ಎಳೆಯದರ ಬಿಗಿತಕ್ಕೂ ಹಳೆಯದರ ಮೃದುತ್ವಕ್ಕೂ ಅಲ್ಲಿರುವಷ್ಟು ಅಂತರ ಬೇರೆ ಕಡೆ ಸಿಗುವುದು ಕಡಿಮೆ.

ಲೇಬಲ್ ಓದುವುದು

ಲೇಬಲ್ಲಿನಲ್ಲಿ ಮೊದಲು ನೋಡಬೇಕಾದದ್ದು ಊರಿನ ಹೆಸರು. ಬರೀ 'ಬೋರ್ಡೋ' ಎಂದಿದ್ದರೆ ದ್ರಾಕ್ಷಿ ಆ ಇಡೀ ಪ್ರಾಂತ್ಯದ ಯಾವ ಮೂಲೆಯಿಂದಲಾದರೂ ಬಂದಿರಬಹುದು. ಅಂಥದ್ದನ್ನು ಮೂರು ನಾಲ್ಕು ವರ್ಷದೊಳಗೆ ಕುಡಿದು ಮುಗಿಸಿ. 'ಓ-ಮೆದೋಕ್', ಅಂದರೆ ಮೆದೋಕ್‌ನ ದಕ್ಷಿಣ ಭಾಗ, ಎಂದಿದ್ದರೆ ಜಾಗ ಚಿಕ್ಕದಾಯಿತು, ಗುಣ ಏರಿತು. 'ಪೋಯಾಕ್' ಅಂತ ಒಂದೇ ಊರಿನ ಹೆಸರಿದ್ದರೆ ಇನ್ನೂ ಖಚಿತ. ಊರಿಂದ ಊರಿಗೆ ಸ್ವಭಾವವೂ ಬೇರೆ. ಪೋಯಾಕ್ ಬಲಶಾಲಿ, ಎಳೆಯದಿದ್ದಾಗ ತುಂಬಾ ಬಿಗಿ. ಸೇಂಟ್ ಎಸ್ತೆಫ್‌ನಲ್ಲಿ ಜೇಡಿಮಣ್ಣು ಹೆಚ್ಚು, ವೈನ್ ಗಡುಸು. ಮಾರ್ಗೋ ಪರಿಮಳಕ್ಕೆ ಹೆಸರುವಾಸಿ. ಸೇಂಟ್ ಜೂಲಿಯೆನ್ ಇವೆಲ್ಲದರ ನಡುವೆ ಹದವಾಗಿ ನಿಲ್ಲುತ್ತದೆ. ಒಂದನ್ನೇ ಆರಿಸು ಅಂದರೆ ನನ್ನ ಆಯ್ಕೆ ಅದೇ.

ಆಮೇಲೆ ದರ್ಜೆ. 1855ರಲ್ಲಿ ಪ್ಯಾರಿಸ್ಸಿನಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆಯಿತು. ಮೂರನೇ ನೆಪೋಲಿಯನ್ ಆಳುತ್ತಿದ್ದ ಕಾಲ. ಅದಕ್ಕಾಗಿ ಬೋರ್ಡೋದ ದಲ್ಲಾಳಿಗಳು ಮೆದೋಕ್‌ನ ವೈನ್‌ಗಳನ್ನು ಐದು ದರ್ಜೆಗಳಾಗಿ ವಿಂಗಡಿಸಿದರು. ಅವರು ನೋಡಿದ್ದು ಮಾರುಕಟ್ಟೆಯ ಬೆಲೆಯನ್ನು. ಆ ಪಟ್ಟಿ ಇವತ್ತಿಗೂ ಹೆಚ್ಚುಕಡಿಮೆ ಹಾಗೇ ಇದೆ. ಮೊದಲ ದರ್ಜೆಯಲ್ಲಿ ಆಗ ಇದ್ದವು ಲಫೀತ್, ಲಾತೂರ್, ಮಾರ್ಗೋ ಮತ್ತು ನಗರದ ದಕ್ಷಿಣಕ್ಕಿರುವ ಓ-ಬ್ರಿಯೋಂ. 1973ರಲ್ಲಿ ಮೂತೋಂ ರಾತ್‌ಷಿಲ್ಡ್ ಎರಡನೇ ದರ್ಜೆಯಿಂದ ಮೇಲೇರಿತು. ಈ ಐದರ ಬೆಲೆ ನಮ್ಮಲ್ಲಿ ಸುಂಕವೂ ಸೇರಿ ಬಾಟಲಿಗೆ ಲಕ್ಷ ದಾಟುವುದುಂಟು. ಇವನ್ನು ಸದ್ಯಕ್ಕೆ ಮರೆತುಬಿಡಿ.

ಕಲಿಯಲು ಬೇರೆ ದಾರಿಗಳಿವೆ. ಪಟ್ಟಿಯ ಕೆಳಗಿನ ದರ್ಜೆಗಳಲ್ಲಿ ಕಾಂತ್‌ಮೆರ್ಲ್, ಲಾ ಲಾಗ್ಯೂನ್, ಗ್ರಾಂ-ಪ್ವಿ-ಲಾಕೋಸ್ತ್ ಥರದ ಶಾಟೋಗಳಿವೆ (ಶಾಟೋ ಅಂದರೆ ವೈನ್ ಎಸ್ಟೇಟು). ಪಟ್ಟಿಯ ಹೊರಗೆ ಫೆಲಾಂ ಸೆಗೂರ್, ಪೂಜೋ, ಶಾಸ್-ಸ್ಪ್ಲೀನ್, ಸೋಸ್ಯಾಂಡೋ-ಮಾಲೆ ಇವೆ. ಇನ್ನೂ ಕೈಗೆಟಕುವ ಬೆಲೆ ಬೇಕಾದರೆ ಲೇಬಲ್ಲಿನಲ್ಲಿ 'ಕ್ರೂ ಬೂರ್ಜ್ವಾ' ಎಂಬ ಮಾತನ್ನು ಹುಡುಕಿ. 1855ರ ಪಟ್ಟಿಯ ಹೊರಗಿನ ಮೆದೋಕ್ ಶಾಟೋಗಳಿಗೆ ಕೊಡುವ ದರ್ಜೆ ಅದು. ಅದರಲ್ಲೂ ಮೂರು ಹಂತ ಇವೆ, ಮೇಲಿನ ಎರಡು 'ಸ್ಯುಪೇರಿಯರ್' ಮತ್ತು 'ಎಕ್ಸೆಪ್ಸ್ಯೊನೆಲ್'. ಒಳ್ಳೆಯ ವರ್ಷದ ಕ್ರೂ ಬೂರ್ಜ್ವಾ ಹತ್ತು ವರ್ಷ ಆರಾಮಾಗಿ ಬಾಳುತ್ತದೆ. ವಯಸ್ಸಿನ ಪಾಠ ಕಲಿಸಲು ಅಷ್ಟು ಸಾಕು.

ಕೊಯ್ಲಿನ ವರ್ಷ

ಬೋರ್ಡೋ ಅಟ್ಲಾಂಟಿಕ್ ಸಾಗರದ ಪಕ್ಕದ ಸೀಮೆ. ವಸಂತದಲ್ಲಿ ಹಿಮ ಬೀಳಬಹುದು, ಕೊಯ್ಲಿನ ಹೊತ್ತಿಗೆ ಮಳೆ ಹಿಡಿಯಬಹುದು. ಹಾಗಾಗಿ ವರ್ಷದಿಂದ ವರ್ಷಕ್ಕೆ ವೈನ್ ಬದಲಾಗುತ್ತದೆ.

2005, 2009, 2010, 2015, 2016, 2019 ಬಹಳ ಒಳ್ಳೆಯ ವರ್ಷಗಳು. ಅವುಗಳಲ್ಲೂ ಒಂದರ ಹಾಗೆ ಇನ್ನೊಂದಿಲ್ಲ. 2009ರಲ್ಲಿ ಬಿಸಿಲು ಚೆನ್ನಾಗಿತ್ತು, ವೈನ್ ರಸವತ್ತಾಗಿ, ದುಂಡಗೆ ಬಂತು. ಎಳೆಯದಿದ್ದಾಗಲೂ ಕುಡಿಯಲು ಹಿತವಾಗಿತ್ತು. 2010ರದ್ದು ಒಗರು, ಹುಳಿ ಎರಡರಲ್ಲೂ ಬಿಗಿ. ಅದು ದೀರ್ಘ ಓಟದ್ದು. ಎರಡನ್ನೂ ಅಕ್ಕಪಕ್ಕ ಇಟ್ಟು ಕುಡಿಯುವ ಅವಕಾಶ ಸಿಕ್ಕರೆ ಬಿಡಬೇಡಿ. ಹವಾಮಾನ ಬಾಟಲಿಯೊಳಗೆ ಹೇಗೆ ಉಳಿಯುತ್ತದೆ ಎನ್ನುವುದು ಅಲ್ಲೇ ಗೊತ್ತಾಗುತ್ತದೆ.

2013 ತಣ್ಣಗಿನ, ಒದ್ದೆ ವರ್ಷ. ಅದನ್ನು ಇನ್ನೂ ಇಟ್ಟುಕೊಂಡಿದ್ದರೆ ಈಗಲೇ ತೆರೆಯಿರಿ. 2017ರಲ್ಲಿ ಏಪ್ರಿಲ್ ತಿಂಗಳ ಹಿಮ ಅನೇಕ ತೋಟಗಳ ಚಿಗುರನ್ನು ಸುಟ್ಟಿತು, ಉಳಿದ ಹಣ್ಣಿನಿಂದ ಹಗುರವಾದ, ಬೇಗ ಹದಕ್ಕೆ ಬರುವ ವೈನ್ ಆಯಿತು. ಹಾಗೆಂದು ಈ ಮಧ್ಯಮ ವರ್ಷಗಳನ್ನು ಕಡೆಗಣಿಸಬೇಡಿ. ಬೆಲೆ ಕಡಿಮೆ, ಬೇಗ ತೆರೆಯಬಹುದು. ಮನೆಯಲ್ಲಿ ಇಡಲು ತಂಪಾದ ಜಾಗ ಇಲ್ಲದವರಿಗೆ 2014 ಅಥವಾ 2017ರದ್ದೇ ಜಾಣತನದ ಆಯ್ಕೆ.

ಕೊಳ್ಳುವಾಗ

ಒಂದೇ ವೈನಿನ ಹಲವು ಬಾಟಲಿ ಕೊಳ್ಳಿ. ಈ ಬರಹದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳಿ ಅಂದರೆ ಇದನ್ನೇ ಹೇಳುತ್ತೇನೆ. ಐವತ್ತು ಸಾವಿರದ ಒಂದು ಬಾಟಲಿಗಿಂತ ಅದೇ ದುಡ್ಡಿಗೆ ಬರುವ ಆರು ಸಾಧಾರಣ ಬಾಟಲಿ ನಿಮಗೆ ಜಾಸ್ತಿ ಕಲಿಸುತ್ತವೆ. ಒಂದೇ ಬಾಟಲಿ ಇದ್ದರೆ ಯಾವಾಗ ತೆರೆಯುವುದು ಎಂಬ ಚಿಂತೆಯಲ್ಲೇ ವರ್ಷಗಳು ಹೋಗುತ್ತವೆ. ಆರು ಇದ್ದರೆ ಎರಡು ಮೂರು ವರ್ಷಕ್ಕೊಂದು ತೆರೆದು, ವೈನ್ ಎಲ್ಲಿಗೆ ಬಂತು ಎಂದು ನೋಡುತ್ತಾ ಹೋಗಬಹುದು. ಗೆಳೆಯರು ಸೇರಿ ಹಂಚಿಕೊಂಡರೆ ಖರ್ಚೂ ಹಗುರ.

ವಯಸ್ಸಾದ ಬಾಟಲಿಯನ್ನೇ ನೇರವಾಗಿ ಕೊಳ್ಳುವುದಾದರೆ ಅದು ಇಷ್ಟು ವರ್ಷ ಎಲ್ಲಿತ್ತು ಎಂದು ಕೇಳಲೇಬೇಕು. ಉತ್ತರ ಇಲ್ಲದಿದ್ದರೆ ಕೊಳ್ಳಬೇಡಿ. ಬಾಟಲಿಯನ್ನು ನಿಲ್ಲಿಸಿ, ವೈನ್ ಯಾವ ಮಟ್ಟದಲ್ಲಿದೆ ನೋಡಿ. ಹತ್ತು ವರ್ಷದ ಬಾಟಲಿಯಲ್ಲಿ ಅದು ಕುತ್ತಿಗೆಯಲ್ಲೇ ಇರಬೇಕು. ಮೂವತ್ತು ವರ್ಷದ್ದರಲ್ಲಿ ಭುಜದ ಮೇಲ್ಭಾಗಕ್ಕೆ ಇಳಿದಿದ್ದರೆ ಅದು ಸಹಜ. ಭುಜದ ಮಧ್ಯಕ್ಕೂ ಕೆಳಗಿದ್ದರೆ ಒಳಗೆ ಗಾಳಿ ಸೇರಿದೆ ಎಂದೇ ಲೆಕ್ಕ. ಕಾರ್ಕ್ ಮೇಲೆ ಉಬ್ಬಿ ಬಂದಿದ್ದರೆ, ಲೇಬಲ್ ಮೇಲೆ ಸೋರಿದ ಕಲೆ ಇದ್ದರೆ, ವೈನ್ ಎಲ್ಲೋ ಬಿಸಿಯಲ್ಲಿ ಕುದಿದಿದೆ. ಬಹಳ ಹಳೆಯ, ಬಹಳ ದೊಡ್ಡ ಹೆಸರಿನ ಬಾಟಲಿ ಅಗ್ಗಕ್ಕೆ ಸಿಗುತ್ತಿದ್ದರೆ ಇನ್ನೂ ಎಚ್ಚರ. ರೂಡಿ ಕುರ್ನಿಯವಾನ್ ಎಂಬಾತ ತನ್ನ ಮನೆಯಲ್ಲೇ ವೈನ್‌ಗಳನ್ನು ಬೆರೆಸಿ, ಹೆಸರಾಂತ ಹಳೆಯ ಬಾಟಲಿಗಳೆಂದು ಮಾರಿ, 2014ರಲ್ಲಿ ನ್ಯೂಯಾರ್ಕ್ ನ್ಯಾಯಾಲಯದಲ್ಲಿ ಹತ್ತು ವರ್ಷದ ಶಿಕ್ಷೆಗೆ ಗುರಿಯಾದ. ಪಳಗಿದ ಸಂಗ್ರಾಹಕರೇ ಅವನಿಂದ ಮೋಸ ಹೋಗಿದ್ದರು.

ವಿದೇಶದಿಂದ ಬರುವಾಗ ತರುವವರು ಒಂದು ಲೆಕ್ಕ ನೆನಪಿಡಿ. ಒಬ್ಬರಿಗೆ ಸುಂಕವಿಲ್ಲದೆ ತರಲು ಬಿಡುವುದು ಒಟ್ಟು 2 ಲೀಟರ್. ಬಾಟಲಿಯೊಂದಕ್ಕೆ 750 ಮಿಲಿ. ಅಂದರೆ ಎರಡು ಪೂರ್ತಿ ಬಾಟಲಿ, ಜತೆಗೆ 375 ಮಿಲಿಯ ಒಂದು ಅರ್ಧ ಬಾಟಲಿ. ಅರ್ಧ ಬಾಟಲಿಯ ವೈನ್ ಬೇಗ ಹದಕ್ಕೆ ಬರುತ್ತದೆ. ವೈನ್ ಕಡಿಮೆ, ಕಾರ್ಕ್ ಮೂಲಕ ಬರುವ ಗಾಳಿ ಹೆಚ್ಚುಕಡಿಮೆ ಅಷ್ಟೇ ಅಲ್ವಾ? ಅದೇ ಕಾರಣಕ್ಕೆ 1.5 ಲೀಟರಿನ ಮ್ಯಾಗ್ನಮ್ ನಿಧಾನ. ಸಂಗ್ರಹಿಸುವವರು ಅದನ್ನು ಇಷ್ಟಪಡುವುದು ಸುಮ್ನೆ ಅಲ್ಲ.

ಒಗರು ಅಂದರೇನು, ಓಕ್ ಪರಿಮಳ ಅಂದರೇನು ಎಂದು ಇನ್ನೂ ಸರಿಯಾಗಿ ಗೊತ್ತಿಲ್ಲದವರು ಮೊದಲು ನಂದಿ ಬೆಟ್ಟದ ಬದಿಯ ಗ್ರೋವರ್ ವೈನ್ ಸಂಸ್ಥೆಯ 'ಲಾ ರೆಸೆರ್ವ್' ಕುಡಿದು ನೋಡಿ. ಕಬರ್ನೆ ಮತ್ತು ಶಿರಾಜ್ ಬೆರೆತದ್ದು, ಫ್ರೆಂಚ್ ಓಕ್‌ನಲ್ಲಿ ಇಟ್ಟದ್ದು. ಪೊಮೆರೋಲ್ ಕಡೆಯ ಹೆಸರಾಂತ ವೈನ್ ತಜ್ಞ ಮಿಶೆಲ್ ರೋಲಾಂ 1990ರ ದಶಕದಿಂದ ಈ ಸಂಸ್ಥೆಗೆ ಸಲಹೆ ಕೊಡುತ್ತಾ ಬಂದರು. ನಾಲಗೆಯನ್ನು ಪಳಗಿಸಲು ಒಳ್ಳೆಯ ಶುರುವಾತು. ಅದನ್ನು ಮಾತ್ರ ಹತ್ತಾರು ವರ್ಷ ಇಡಲು ಹೋಗಬೇಡಿ.

ಇಡುವುದು: ಇಲ್ಲೇ ಹೆಚ್ಚಿನವರು ಸೋಲುವುದು

ಬೋರ್ಡೋದ ನೆಲಮಾಳಿಗೆಗಳು ವರ್ಷವಿಡೀ 12ರಿಂದ 14 ಡಿಗ್ರಿ ಇರುತ್ತವೆ. ಗಾಳಿಯಲ್ಲಿ ತೇವ ಶೇಕಡಾ 70ರ ಆಸುಪಾಸು. ಕತ್ತಲೆ, ಅಲುಗಾಟವಿಲ್ಲ. ವೈನಿಗೆ ಬೇಕಾದದ್ದು ಇಷ್ಟೇ. ನಮ್ಮ ಊರುಗಳಲ್ಲಿ ಇದು ತಾನಾಗಿ ಸಿಗುವುದಿಲ್ಲ. ಬೆಂಗಳೂರಿನ ಏಪ್ರಿಲ್ ತಿಂಗಳಲ್ಲೇ ಬಿಸಿ 34 ಡಿಗ್ರಿ ಮುಟ್ಟುತ್ತದೆ. ರಾಯಚೂರು, ಕಲಬುರಗಿಯಲ್ಲಿ 40 ದಾಟುತ್ತದೆ.

ಬಿಸಿ ಹೆಚ್ಚಿದಂತೆ ಬಾಟಲಿಯೊಳಗಿನ ಎಲ್ಲ ಬದಲಾವಣೆಗಳೂ ಚುರುಕಾಗುತ್ತವೆ. ಹಾಗಾದರೆ ವೈನ್ ಬೇಗ ಹದಕ್ಕೆ ಬರಲಿ ಬಿಡಿ, ಒಳ್ಳೆಯದೇ ಅಲ್ವಾ ಅಂತ ಕೆಲವರು ಕೇಳುತ್ತಾರೆ. ಹಾಗಾಗುವುದಿಲ್ಲ. ಎಲ್ಲ ಬದಲಾವಣೆಗಳೂ ಒಂದೇ ಪ್ರಮಾಣದಲ್ಲಿ ಚುರುಕಾಗುವುದಿಲ್ಲ. ಹಣ್ಣಿನ ಪರಿಮಳ ಮೊದಲು ಸಾಯುತ್ತದೆ, ಒಗರು ಇನ್ನೂ ಹಾಗೇ ಇರುತ್ತದೆ. ಕೊನೆಗೆ ಸಿಗುವುದು ಬೇಯಿಸಿದ ಜಾಮ್ ವಾಸನೆಯ, ಬಾಯಿ ಒಣಗಿಸುವ ವೈನ್. ಅದನ್ನು ಮತ್ತೆ ಸರಿಪಡಿಸಲು ಆಗುವುದಿಲ್ಲ. ಇನ್ನೊಂದು ಅಪಾಯವೂ ಇದೆ. ಬಿಸಿಗೆ ವೈನ್ ಹಿಗ್ಗುತ್ತದೆ, ತಣ್ಣಗಾದಾಗ ಕುಗ್ಗುತ್ತದೆ. ಹಗಲು ರಾತ್ರಿ ಹೀಗೇ ನಡೆದರೆ ಕಾರ್ಕ್ ಸಡಿಲವಾಗಿ ಗಾಳಿ ಒಳಗೆ ಬರುತ್ತದೆ.

ಹಾಗಾಗಿ ಒಂದು ವರ್ಷಕ್ಕಿಂತ ಹೆಚ್ಚು ಇಡುವ ಯೋಚನೆ ಇದ್ದರೆ ವೈನ್ ಫ್ರಿಜ್ ಬೇಕು. ಚಿಕ್ಕದಾದರೂ ಸಾಕು. 13 ಡಿಗ್ರಿಗೆ ಇಟ್ಟು ಮರೆತುಬಿಡಿ. ಕರೆಂಟ್ ಕೆಲವು ಗಂಟೆ ಹೋದರೆ ಗಾಬರಿ ಬೇಡ, ಬಾಗಿಲು ತೆರೆಯದಿದ್ದರೆ ಒಳಗಿನ ತಂಪು ಬೇಗ ಇಳಿಯುವುದಿಲ್ಲ. ಬಾಟಲಿಗಳನ್ನು ಮಲಗಿಸಿಡಿ. ಕಾರ್ಕ್ ಒದ್ದೆಯಾಗಿದ್ದರೆ ಬಿಗಿಯಾಗಿರುತ್ತದೆ. ಕೊಂಡ ತಾರೀಖು, ಕೊಯ್ಲಿನ ವರ್ಷ, ಯಾವಾಗ ತೆರೆಯಬೇಕು ಎಂಬುದನ್ನು ಚೀಟಿಯಲ್ಲಿ ಬರೆದು ಕುತ್ತಿಗೆಗೆ ಕಟ್ಟಿ. ಅಡುಗೆಮನೆಯ ಮೇಲಿನ ಕಪಾಟು, ಬಿಸಿಲು ಬೀಳುವ ಶೋಕೇಸ್, ಕಾರಿನ ಡಿಕ್ಕಿ, ಈ ಮೂರೂ ಬೇಡ.

ವೈನ್ ಫ್ರಿಜ್ ಇಲ್ಲದಿದ್ದರೆ? ಮನೆಯ ಸಾಮಾನ್ಯ ಫ್ರಿಜ್ ತುಂಬಾ ತಣ್ಣಗೆ, ಗಾಳಿಯೂ ಒಣ. ವರ್ಷಗಟ್ಟಲೆ ಅಲ್ಲಿಟ್ಟರೆ ಕಾರ್ಕ್ ಒಣಗುತ್ತದೆ. ಆದರೆ ಬೇಸಿಗೆಯ ಕೆಲವು ತಿಂಗಳು 35 ಡಿಗ್ರಿಯ ಕೋಣೆಗಿಂತ ಅದೇ ಎಷ್ಟೋ ವಾಸಿ.

ಕಾಯುವಾಗ ಒಳಗೆ ಏನಾಗುತ್ತದೆ

ಇದು ತಿಳಿದಿದ್ದರೆ ಕಾಯುವುದು ಸುಲಭ. ಕೊಯ್ಲಾದ ಮೇಲೆ ರಸ ಸಿಪ್ಪೆಯ ಜತೆಗೇ ಹುದುಗುತ್ತದೆ. ಬಣ್ಣ, ಒಗರು ಎರಡೂ ಆಗಲೇ ಇಳಿಯುತ್ತವೆ. ಆಮೇಲೆ 225 ಲೀಟರಿನ ಓಕ್ ಪೀಪಾಯಿಗಳಲ್ಲಿ ಒಂದರಿಂದ ಎರಡು ವರ್ಷ. ಒಂದು ಪೀಪಾಯಿ ಅಂದರೆ ಸುಮಾರು 300 ಬಾಟಲಿ. ಮರದಿಂದ ವೆನಿಲಾ, ಲವಂಗ, ಹುರಿದ ಕಾಫಿಯ ಪರಿಮಳ ಸೇರುತ್ತದೆ.

ಬಾಟಲಿಗೆ ತುಂಬಿದ ಮೇಲೆ ಟ್ಯಾನಿನ್ ಅಣುಗಳು ಒಂದಕ್ಕೊಂದು ಅಂಟುತ್ತವೆ, ಒಡೆಯುತ್ತವೆ, ಮತ್ತೆ ಸೇರುತ್ತವೆ. ಬಣ್ಣ ಕೊಡುವ ಆಂಥೋಸಯನಿನ್ ಜತೆಗೂ ಕೂಡುತ್ತವೆ. ಹೀಗೆ ದೊಡ್ಡದಾದದ್ದು ಭಾರವಾಗಿ ಕೊನೆಗೆ ತಳಕ್ಕೆ ಇಳಿಯುತ್ತದೆ. ಹಳೆಯ ಬಾಟಲಿಯಲ್ಲಿ ಕಾಣುವ ಕಪ್ಪು ಚರಟ ಅದೇ. ಅದು ಕೆಟ್ಟಿರುವ ಗುರುತಲ್ಲ. ಬಣ್ಣ ತಿಳಿಯಾಗುವುದೂ, ಒಗರು ನಯವಾಗುವುದೂ ಇದರಿಂದಲೇ. ಹುಳಿ ಮಾತ್ರ ಹೆಚ್ಚೇನೂ ಕಡಿಮೆಯಾಗುವುದಿಲ್ಲ. ಹಣ್ಣು ಮಾಸಿದಂತೆ ಅದು ಇನ್ನೂ ಎದ್ದು ಕಾಣುತ್ತದೆ. ಎಳೆಯದಿದ್ದಾಗಲೇ ಹುಳಿ ಹಣ್ಣಿಗಿಂತ ಮುಂದಿದ್ದರೆ ಆ ವೈನ್ ಕಾದು ಸರಿಹೋಗುವುದಿಲ್ಲ.

ಪರಿಮಳದ ಪಯಣ ಇನ್ನೂ ಚೆಂದ. ಮೊದಲ ಐದು ವರ್ಷ ಬ್ಲ್ಯಾಕ್‌ಕರಂಟ್, ಬ್ಲ್ಯಾಕ್‌ಬೆರಿ, ವಯೊಲೆಟ್ ಹೂವು, ತುಸು ಪುದೀನ. ತಂಪು ವರ್ಷಗಳಲ್ಲಿ ಹಸಿರು ದೊಣ್ಣೆಮೆಣಸಿನಕಾಯಿ ವಾಸನೆಯೂ ಬರುತ್ತದೆ. ಪೈರಜೀನ್ ಎಂಬ ಪದಾರ್ಥ ಅದಕ್ಕೆ ಕಾರಣ, ಹಣ್ಣು ಚೆನ್ನಾಗಿ ಮಾಗಿದರೆ ಅದು ಇಳಿಯುತ್ತದೆ. ಆಮೇಲೆ ಕೆಲವು ವೈನ್‌ಗಳು ಬಾಗಿಲು ಹಾಕಿಕೊಂಡು ಕೂರುತ್ತವೆ. ಹಣ್ಣಿನ ಪರಿಮಳ ಮುಚ್ಚಿಹೋಗುತ್ತದೆ, ಹೊಸದು ಇನ್ನೂ ಹುಟ್ಟಿರುವುದಿಲ್ಲ. ಈ ಹೊತ್ತಿನಲ್ಲಿ ತೆರೆದವರು ವೈನ್ ಸಪ್ಪೆ ಎಂದುಕೊಳ್ಳುತ್ತಾರೆ. ಕೆಟ್ಟಿಲ್ಲ, ಇನ್ನೂ ಬಿಡಿ.

ಹತ್ತು ವರ್ಷದ ಆಚೆಗೆ ದೇವದಾರು ಮರ, ಹೆರೆದ ಪೆನ್ಸಿಲ್, ತಂಬಾಕು ಕಾಣಿಸಿಕೊಳ್ಳುತ್ತವೆ. ಪೋಯಾಕ್ ವೈನಿಗೆ ಈ ಪೆನ್ಸಿಲ್ ಪರಿಮಳ ಹೆಸರುವಾಸಿ. ಹಣ್ಣು ಇನ್ನೂ ಇರುತ್ತದೆ, ಆದರೆ ತಾಜಾ ಹಣ್ಣಲ್ಲ, ಒಣಗಿಸಿದ್ದು. ಇಪ್ಪತ್ತರ ಆಚೆಗೆ ಚರ್ಮ, ಅಣಬೆ, ಒದ್ದೆ ತರಗೆಲೆ, ಒಣ ಅಂಜೂರ. ನನಗೆ ತುಂಬಾ ಇಷ್ಟವಾಗುವುದು ಈ ಎರಡರ ನಡುವಿನ ಕಾಲ. ಹಣ್ಣೂ ಇದೆ, ತಂಬಾಕೂ ಇದೆ, ಒಗರು ರೇಷ್ಮೆಯಾಗಿದೆ. ಪೂರ್ತಿ ಹಳೆಯದಾದ ವೈನನ್ನು ಗೌರವಿಸುತ್ತೇನೆ, ಆದರೆ ಮತ್ತೊಂದು ಗ್ಲಾಸ್ ಕೇಳುವುದು ಇದನ್ನೇ.

ಯಾವಾಗ ತೆರೆಯುವುದು

ಕೊಯ್ಲಿನ ವರ್ಷದಿಂದ ಎಣಿಸಿ. ಕ್ರೂ ಬೂರ್ಜ್ವಾ ಆದರೆ 5ರಿಂದ 12 ವರ್ಷದ ನಡುವೆ. 1855ರ ಪಟ್ಟಿಯ ಶಾಟೋ, ಒಳ್ಳೆಯ ವರ್ಷ ಆದರೆ 10ರಿಂದ 25. ಮೊದಲ ದರ್ಜೆಯದು ಉತ್ತಮ ವರ್ಷದ್ದಾದರೆ 20ಕ್ಕೂ ಮುಂಚೆ ತೆರೆಯುವುದು ಅವಸರ. ಶಾಟೋ ಲಾತೂರ್ ಇದನ್ನು ತಾನೇ ಒಪ್ಪಿಕೊಂಡಿತು. ಬೋರ್ಡೋದಲ್ಲಿ ವೈನ್ ಇನ್ನೂ ಪೀಪಾಯಿಯಲ್ಲಿರುವಾಗಲೇ ಮುಂಗಡ ಮಾರುವ ಪದ್ಧತಿ ಇದೆ. ಇನ್ನು ಮುಂದೆ ಹಾಗೆ ಮಾರುವುದಿಲ್ಲ, ಕುಡಿಯುವ ಹದಕ್ಕೆ ಬಂದ ಮೇಲೆ ಬಿಡುಗಡೆ ಮಾಡುತ್ತೇವೆ ಎಂದು ಲಾತೂರ್ 2012ರಲ್ಲಿ ಹೇಳಿತು.

ಇವು ಅಂದಾಜಿನ ಲೆಕ್ಕ. ನಿಮ್ಮ ಆರು ಬಾಟಲಿಗಳಲ್ಲಿ ಮೊದಲನೆಯದನ್ನು ಆರನೇ ವರ್ಷಕ್ಕೆ ತೆರೆಯಿರಿ. ಬಾಯಿ ಹಿಡಿಯುವಷ್ಟು ಒಗರು, ಅದರ ಹಿಂದೆ ಗಟ್ಟಿ ಹಣ್ಣು ಇದ್ದರೆ ಉಳಿದವನ್ನು ಮೂರು ವರ್ಷ ಮುಟ್ಟಬೇಡಿ. ಒಗರು ಆಗಲೇ ನಯವಾಗಿ, ಹಣ್ಣು ತೆಳುವಾಗಿದ್ದರೆ ಎರಡು ವರ್ಷದಲ್ಲಿ ಮುಗಿಸಿ. ತುಸು ಮುಂಚೆ ತೆರೆದ ವೈನಿನಲ್ಲಿ ಖುಷಿ ಇರುತ್ತದೆ. ತಡವಾದರೆ ಏನೂ ಉಳಿದಿರುವುದಿಲ್ಲ. ಅನುಮಾನ ಬಂದರೆ ತೆರೆದುಬಿಡಿ.

ತೆರೆಯುವ ದಿನ

ಹಿಂದಿನ ದಿನವೇ ಬಾಟಲಿಯನ್ನು ನೇರ ನಿಲ್ಲಿಸಿ. ಚರಟ ತಳಕ್ಕೆ ಇಳಿಯಲು ಅಷ್ಟು ಹೊತ್ತು ಬೇಕು. ಪ್ರಯಾಣ ಮಾಡಿ ಬಂದ ಹಳೆಯ ಬಾಟಲಿಗೆ ಒಂದೆರಡು ವಾರವಾದರೂ ವಿಶ್ರಾಂತಿ ಕೊಡಿ.

ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕು ಅನ್ನುವುದು ಯುರೋಪಿನ ಹಳೆಯ ಕಲ್ಲಿನ ಮನೆಗಳ ಕಾಲದ ಮಾತು. ಆ ಕೋಣೆಗಳು 16–18 ಡಿಗ್ರಿ ಇರುತ್ತಿದ್ದವು. ನಮ್ಮ ಕೋಣೆ 28 ಇರುತ್ತದೆ. ಆ ಬಿಸಿಯಲ್ಲಿ ಆಲ್ಕೋಹಾಲ್ ಮೂಗಿಗೆ ಹೊಡೆಯುತ್ತದೆ, ಬೇರೇನೂ ಗೊತ್ತಾಗುವುದಿಲ್ಲ. ಕೋಣೆಯಲ್ಲೇ ಇದ್ದ ಬಾಟಲಿಯಾದರೆ ಫ್ರಿಜ್ಜಿನಲ್ಲಿ ನಿಲ್ಲಿಸಿಯೇ ಅರ್ಧ ಮುಕ್ಕಾಲು ಗಂಟೆ ಇಡಿ. ವೈನ್ ಫ್ರಿಜ್ಜಿನಿಂದ ತೆಗೆದದ್ದಾದರೆ ನೇರ ಗ್ಲಾಸಿಗೆ. ನಾಲ್ಕು ಮಾತಾಡುವುದರೊಳಗೆ ಹದಕ್ಕೆ ಬಂದಿರುತ್ತದೆ.

ಕಾರ್ಕ್ ತೆಗೆಯುವಾಗ ಅವಸರ ಬೇಡ. ಇಪ್ಪತ್ತೈದು ವರ್ಷ ದಾಟಿದ ಕಾರ್ಕ್ ಪುಡಿಯಾಗುತ್ತದೆ. ಅಂಥದ್ದಕ್ಕೆ ಎರಡು ತೆಳ್ಳನೆಯ ಕಡ್ಡಿಗಳಿರುವ ಓಪನರ್ ಸಿಗುತ್ತದೆ. ಕಡ್ಡಿಗಳನ್ನು ಕಾರ್ಕಿನ ಎರಡು ಬದಿಯಲ್ಲಿ ಇಳಿಸಿ, ತಿರುಗಿಸುತ್ತಾ ಮೇಲೆತ್ತಿ. ಆದರೂ ಕಾರ್ಕ್ ಮುರಿದು ಒಳಗೆ ಬಿದ್ದರೆ ವೈನಿಗೇನೂ ಆಗುವುದಿಲ್ಲ. ತೊಳೆದು ಒಣಗಿಸಿದ, ಸೋಪಿನ ವಾಸನೆ ಇಲ್ಲದ ತೆಳು ಬಟ್ಟೆಯಲ್ಲಿ ಸೋಸಿ.

ಬೇರೆ ಜಾಡಿಗೆ ಬಗ್ಗಿಸುವುದಕ್ಕೆ ಎರಡು ಕಾರಣ ಇವೆ. ಎಳೆಯ ವೈನಿಗೆ ಗಾಳಿ ಬೇಕು. ಅಗಲ ಜಾಡಿಗೆ ಸುರಿದು ಎರಡು ಗಂಟೆ ಬಿಡಿ, ಬಿಗಿ ಸಡಿಲವಾಗುತ್ತದೆ. ಹಳೆಯದಕ್ಕೆ ಚರಟ ಬಿಡಿಸಲು ಮಾತ್ರ. ಬಾಟಲಿಯ ಕುತ್ತಿಗೆಯ ಹಿಂದೆ ಮೊಬೈಲ್ ಟಾರ್ಚ್ ಇಟ್ಟು, ಕೈ ಅಲುಗಿಸದೆ, ಒಂದೇ ಸಮನೆ ಬಗ್ಗಿಸಿ. ಕಪ್ಪು ಗೆರೆ ಭುಜದ ಹತ್ತಿರ ಬಂದ ಕೂಡಲೇ ನಿಲ್ಲಿಸಿ. ಬೋರ್ಡೋ ಬಾಟಲಿಯ ಎತ್ತರದ ಭುಜ ಇಲ್ಲಿ ನೆರವಿಗೆ ಬರುತ್ತದೆ, ಚರಟ ಅಲ್ಲೇ ತಡೆಯುತ್ತದೆ. ಇಪ್ಪತ್ತು ವರ್ಷ ದಾಟಿದ್ದನ್ನು ಬಗ್ಗಿಸಿದ ತಕ್ಷಣ ಕುಡಿಯಲು ಶುರು ಮಾಡಿ. ಅದರ ಪರಿಮಳ ಕೆಲವೊಮ್ಮೆ ಒಂದು ಗಂಟೆಯೊಳಗೆ ಹಾರಿಹೋಗುತ್ತದೆ.

ಸವಿಯುವುದು

ಹೊಟ್ಟೆ ದೊಡ್ಡದಿದ್ದು ಬಾಯಿ ಚಿಕ್ಕದಾದ ಗ್ಲಾಸ್ ಇರಲಿ. ಮೂರನೇ ಒಂದು ಭಾಗ ಮಾತ್ರ ತುಂಬಿ.

ಮೊದಲು ಬಣ್ಣ. ಬಿಳಿ ಕಾಗದದ ಮೇಲೆ ಗ್ಲಾಸ್ ಓರೆ ಹಿಡಿದು ಅಂಚನ್ನು ನೋಡಿ. ನೇರಳೆ ಛಾಯೆ ಇದ್ದರೆ ಎಳೆಯದು. ಮಾಣಿಕ್ಯದ ಕೆಂಪು ಆದರೆ ಮಧ್ಯ ವಯಸ್ಸು. ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದರೆ ಹದಕ್ಕೆ ಬಂದಿದೆ. ಪೂರ್ತಿ ಕಂದಾಗಿದ್ದರೆ ತಡವಾಗಿರಬಹುದು, ಆದರೂ ಮೂಸಿ ನೋಡದೆ ತೀರ್ಪು ಕೊಡಬೇಡಿ.

ಆಮೇಲೆ ಮೂಗು. ಮೊದಲ ಸಲ ಗ್ಲಾಸ್ ಆಡಿಸದೆ ಮೂಸಿ. ಹಳೆಯ ವೈನಿನ ನವಿರಾದ ಪರಿಮಳ ಆಗಲೇ ಸಿಗುವುದು. ನಂತರ ಮೆಲ್ಲಗೆ ಆಡಿಸಿ ಮತ್ತೆ ಮೂಸಿ. ಹೆಸರು ಹೊಳೆಯದಿದ್ದರೆ ಬಿಡಿ. ಹಣ್ಣೋ, ಮರವೋ, ಮಣ್ಣೋ ಅಂತ ಕೇಳಿಕೊಂಡರೆ ಸಾಕು. ಹತ್ತು ನಿಮಿಷ ಬಿಟ್ಟು ಮತ್ತೆ ಮೂಸಿದರೆ ಬೇರೆಯೇ ಇರುತ್ತದೆ.

ಬಾಯಲ್ಲಿ ಒಂದು ಗುಟುಕು ಹಿಡಿದು ಎಲ್ಲ ಕಡೆ ಆಡಿಸಿ. ಒಗರು ಒಸಡಿನ ಮೇಲೆ ಗೊತ್ತಾಗುತ್ತದೆ, ಹುಳಿ ನಾಲಗೆಯ ಬದಿಗಳಲ್ಲಿ ನೀರೂರಿಸುತ್ತದೆ. ಎಳೆಯದರಲ್ಲಿ ಒಗರು, ಹುಳಿ, ಹಣ್ಣು, ಮರ ಬೇರೆ ಬೇರೆಯಾಗಿ ಸಿಗುತ್ತವೆ. ಹದಕ್ಕೆ ಬಂದದ್ದರಲ್ಲಿ ಅವನ್ನು ಬಿಡಿಸಲಾಗುವುದಿಲ್ಲ. ನುಂಗಿದ ಮೇಲೆ ರುಚಿ ಎಷ್ಟು ಹೊತ್ತು ನಿಲ್ಲುತ್ತದೆ ಗಮನಿಸಿ. ಸಾಧಾರಣ ವೈನ್ ಬೇಗ ಮಾಯವಾಗುತ್ತದೆ. ಒಳ್ಳೆಯದು ನಿಧಾನವಾಗಿ, ರುಚಿ ಬದಲಿಸುತ್ತಾ ಹೋಗುತ್ತದೆ. ಏನು ಕಂಡಿರೋ ನಿಮ್ಮದೇ ಮಾತಲ್ಲಿ ನಾಲ್ಕು ಸಾಲು ಬರೆದಿಡಿ. ಮೂರು ವರ್ಷದ ನಂತರ ಮುಂದಿನ ಬಾಟಲಿ ತೆರೆದಾಗ ಆ ಚೀಟಿ ಬೇಕಾಗುತ್ತದೆ.

ಜತೆಗೆ ಏನು ತಿನ್ನುವುದು? ಪೋಯಾಕ್‌ನಲ್ಲಿ ಎಳೆ ಕುರಿಮಾಂಸ ಪ್ರಸಿದ್ಧ, ಅಲ್ಲಿನವರು ವೈನ್ ಜತೆ ಅದನ್ನೇ ಬಡಿಸುತ್ತಾರೆ. ಮಾಂಸದ ಪ್ರೋಟೀನು, ಕೊಬ್ಬು ಒಗರನ್ನು ತಗ್ಗಿಸುತ್ತವೆ. ನಮ್ಮಲ್ಲಿ ಕಾಳುಮೆಣಸು ಹಿತವಾಗಿ ಹಾಕಿದ ಮಟನ್ ಹುರುಕಲು ಆಗುತ್ತದೆ. ಗುಂಟೂರು ಮೆಣಸಿನ ಖಾರ ಬೇಡ. ಖಾರದ ನಾಲಗೆಗೆ ಒಗರು ಇನ್ನೂ ಗಡುಸಾಗಿ, ಆಲ್ಕೋಹಾಲ್ ಇನ್ನೂ ಬಿಸಿಯಾಗಿ ಕಾಣುತ್ತದೆ. ಕಾಚಂಪುಳಿ ಹಾಕಿದ ಪಂದಿ ಕರಿ ನನಗೆ ಬಹಳ ಇಷ್ಟ, ಆದರೆ ಹಳೆಯ ಮೆದೋಕ್ ಜತೆಗಲ್ಲ. ಸಸ್ಯಾಹಾರಿಗಳು ಬೆಣ್ಣೆಯಲ್ಲಿ ಹುರಿದ ಅಣಬೆ, ಗಟ್ಟಿ ಚೀಸ್ ಇಟ್ಟುಕೊಳ್ಳಬಹುದು.

ಕೆಟ್ಟಿದ್ದರೆ ಗೊತ್ತಾಗುವುದು ಹೇಗೆ

ಒದ್ದೆ ರಟ್ಟಿನ, ಬೂಷ್ಟು ಹಿಡಿದ ಕೋಣೆಯ ವಾಸನೆ ಬಂದರೆ ಅದು ಕಾರ್ಕ್ ದೋಷ. ಟಿಸಿಎ ಎಂಬ ರಾಸಾಯನಿಕದಿಂದ ಆಗುವುದು. ಗಾಳಿಗೆ ಬಿಟ್ಟರೂ ಹೋಗುವುದಿಲ್ಲ. ಅಂಗಡಿಯವರಿಗೋ ಹೋಟೆಲ್ಲಿನವರಿಗೋ ಹೇಳಿ, ಬದಲಿ ಬಾಟಲಿ ಕೇಳಲು ಸಂಕೋಚ ಬೇಡ. ವಿನೆಗರ್ ಅಥವಾ ನೇಲ್ ಪಾಲಿಶ್ ವಾಸನೆ ಜೋರಾಗಿದ್ದರೆ ಅದೂ ದೋಷ. ಕುದುರೆ ಲಾಯದ ವಾಸನೆ ಬ್ರೆಟ್ ಎಂಬ ಯೀಸ್ಟಿನದು. ಹಳೆಯ ಬೋರ್ಡೋಗಳಲ್ಲಿ ಅದು ತುಸು ಇರುತ್ತಿತ್ತು, ಕೆಲವರಿಗೆ ಅದು ಇಷ್ಟವೂ ಹೌದು. ಹಣ್ಣನ್ನು ಮುಚ್ಚಿಹಾಕುವಷ್ಟಿದ್ದರೆ ಮಾತ್ರ ತೊಂದರೆ. ತೆರೆದ ಕೂಡಲೇ ಬರುವ ಬೆಂಕಿಕಡ್ಡಿ ವಾಸನೆಗೆ ಹೆದರಬೇಡಿ, ಸ್ವಲ್ಪ ಹೊತ್ತಿಗೆ ಹೋಗುತ್ತದೆ.

ಉಳಿದರೆ, ಎಳೆಯ ವೈನನ್ನು ಚಿಕ್ಕ ಬಾಟಲಿಗೆ ಅಂಚಿನವರೆಗೆ ತುಂಬಿ, ಮುಚ್ಚಳ ಬಿಗಿದು ಫ್ರಿಜ್ಜಿನಲ್ಲಿಡಿ. ಎರಡು ಮೂರು ದಿನ ಚೆನ್ನಾಗಿರುತ್ತದೆ. ಎರಡನೇ ದಿನ ಇನ್ನೂ ಚೆನ್ನಾಗಿದ್ದರೆ ಆ ವೈನಿಗೆ ಆಯುಸ್ಸು ಇದೆ ಎಂದು ತಿಳಿಯಿರಿ, ಉಳಿದ ಬಾಟಲಿಗಳ ಚೀಟಿಯಲ್ಲಿ ತಾರೀಖು ಮುಂದಕ್ಕೆ ಹಾಕಿ. ಇಪ್ಪತ್ತು ವರ್ಷ ದಾಟಿದ್ದನ್ನು ಉಳಿಸಬೇಡಿ. ನಾಲ್ಕು ಜನರನ್ನು ಕರೆದು ಅದೇ ಸಂಜೆ ಮುಗಿಸಿ.